ಡರ್ಹಮ್ಮಿನ ಸಿಪಾಯಿಗಳ ಮ್ಯೂಸಿಯಂ ಮತ್ತು ನಮ್ಮ ಮನೆಯ ಟ್ರಂಕು



ಪ್ರತಿ ವರ್ಷ ಡಿಸೆಂಬರ್ 31ರ ರಾತ್ರಿ ನಮ್ಮ ಓಣಿಯಿಂದ ಗಾಡಿಗಳು ಹೊರಡುತ್ತವೆ. ಸೋಲಾಪುರ ದಾಟಿ, ಭಿಗವಣದ ಹತ್ತಿರ ಎಲ್ಲೋ ಚಹಾಕ್ಕೆ ನಿಂತು, ಬೆಳಗಾಗುವುದರೊಳಗೆ ಭೀಮಾ ಕೋರೆಗಾಂವ್ ಮುಟ್ಟುತ್ತೇವೆ. ನಿಮ್ಮಲ್ಲಿ ಬಹಳ ಮಂದಿ ಹೋಗಿ ಬಂದವರೇ. ಸಾಲಿನಲ್ಲಿ ನಿಂತು, ಕಂಬಕ್ಕೆ ಕೈಮುಗಿದು, ಫೋಟೋ ತೆಗೆಸಿಕೊಂಡು, ಕ್ಯಾಲೆಂಡರ್ ಪುಸ್ತಕ ಕೊಂಡು ವಾಪಸ್ಸು ಬರುತ್ತೇವೆ. ಆದರೆ ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಆ ಕಂಬ 200 ವರ್ಷ ಹೇಗೆ ನಿಂತಿತು? ಅದರ ಸುತ್ತ ಕಸ ಗುಡಿಸಿದವರು ಯಾರು, ಬಿರುಕು ಬಿಟ್ಟಾಗ ಗಿಲಾಯಿ ಮಾಡಿಸಿದವರು ಯಾರು, ಅವರಿಗೆ ಪಗಾರ ಕೊಟ್ಟವರು ಯಾರು? ಇದನ್ನು ನಾನೂ ಬಹಳ ವರ್ಷ ಕೇಳಿರಲಿಲ್ಲ. ಕೇಳುವಂತೆ ಮಾಡಿದ್ದು ನಮ್ಮ ದೇಶದ ಸುದ್ದಿಯಲ್ಲ. ಇಂಗ್ಲೆಂಡಿನ ಉತ್ತರದಲ್ಲಿರುವ ಡರ್ಹಮ್ ಎಂಬ ಊರಿನಲ್ಲಿ 2016ರಲ್ಲಿ ಬಾಗಿಲು ಮುಚ್ಚಿದ ಒಂದು ಸಿಪಾಯಿಗಳ ಮ್ಯೂಸಿಯಂ. ಈ ಸಲದ ಸಂಚಿಕೆಯಲ್ಲಿ ಅದರ ಕಥೆಯನ್ನೇ ನಿಮ್ಮ ಮುಂದೆ ಇಡುತ್ತೇನೆ.

ಬಿಳಿಯರ ಪಲ್ಟಣ, ಬಿಳಿಯರ ಮ್ಯೂಸಿಯಂ, ಮುಚ್ಚಿದರೆ ನಮಗೇನು ಎಂದು ಚಹಾದಂಗಡಿಯಲ್ಲಿ ಒಬ್ಬ ಗೆಳೆಯ ಕೇಳಿದ. ಕೇಳುವುದು ಸರಿಯಾಗಿಯೇ ಇದೆ. ಮೊದಲು ಆ ಸಿಪಾಯಿಗಳು ಯಾರೆಂದು ಹೇಳಿಬಿಡುತ್ತೇನೆ. ನಮಗೆ ಸಂಬಂಧ ಇದೆಯೋ ಇಲ್ಲವೋ ಆಮೇಲೆ ನೀವೇ ತೂಗಿ ನೋಡಿ.

ಡರ್ಹಮ್ ಎಂದರೆ ಕಲ್ಲಿದ್ದಲ ನಾಡು. ಊರಿಗೊಂದು ಗಣಿ, ಗಣಿಗೊಂದು ಊರು. ಅಪ್ಪ ಇಳಿದ ಗಣಿಗೆ ಮಗ, ಮಗನ ಹಿಂದೆ ಮೊಮ್ಮಗ. ಹನ್ನೆರಡು ಹದಿನಾಲ್ಕು ವರ್ಷಕ್ಕೆ ಶಾಲೆ ಬಿಟ್ಟು ಕತ್ತಲೊಳಗೆ ಇಳಿದವರು ಸಾಯುವತನಕ ಕೆಮ್ಮುತ್ತಿದ್ದರು. ಈ ಜಿಲ್ಲೆಯ ಹೆಸರಿನ ಕಾಲಾಳು ಪಡೆಯೇ ಡರ್ಹಮ್ ಲೈಟ್ ಇನ್‌ಫೆಂಟ್ರಿ. ಜನ ಚಿಕ್ಕದಾಗಿ ಡಿ.ಎಲ್.ಐ. ಅನ್ನುತ್ತಾರೆ. ಅಧಿಕಾರಿಗಳು ದೊಡ್ಡ ಮನೆತನದವರು ಇದ್ದಿರಬಹುದು, ಆದರೆ ಸಾಲಿನಲ್ಲಿ ನಿಂತ ಸಿಪಾಯಿಗಳು ಹೆಚ್ಚಾಗಿ ಗಣಿಯ ಮಂದಿ. ಮೊದಲ ಮಹಾಯುದ್ಧದಲ್ಲಿ ಈ ಒಂದೇ ರೆಜಿಮೆಂಟಿನಲ್ಲಿ 40ಕ್ಕೂ ಹೆಚ್ಚು ಪಲ್ಟಣ ಕಟ್ಟಿದರು. ಸತ್ತವರು 12 ಸಾವಿರಕ್ಕೂ ಮಿಕ್ಕಿ. ಒಂದು ಜಿಲ್ಲೆಯ ಹೆಸರಿನ ಪಡೆಯಲ್ಲಿ ಇಷ್ಟು ಸಾವು ಎಂದರೆ ಯಾವ ಓಣಿಯಲ್ಲಿ ಅಳು ಕೇಳಿರಲಿಕ್ಕಿಲ್ಲ, ನೀವೇ ಯೋಚನೆ ಮಾಡಿ.

ಥಾಮಸ್ ಕೆನ್ನಿ ಎಂಬ ಗಣಿ ಕಾರ್ಮಿಕನ ವಿಷಯ ಹೇಳುತ್ತೇನೆ. 1915ರ ನವೆಂಬರ್ 4ರ ರಾತ್ರಿ ಫ್ರಾನ್ಸಿನಲ್ಲಿ ದಟ್ಟ ಮಂಜು. ಗಸ್ತಿಗೆ ಹೋದ ಅಧಿಕಾರಿಗೆ ಎರಡೂ ತೊಡೆಗೆ ಗುಂಡು ಬಿತ್ತು. ಕೆನ್ನಿ ಅವನನ್ನು ಬೆನ್ನಮೇಲೆ ಹೊತ್ತುಕೊಂಡು, ಗುಂಡು ಹಾರುತ್ತಿರುವಾಗಲೇ ಒಂದು ತಾಸಿಗಿಂತ ಹೆಚ್ಚು ಹೊತ್ತು ಕೆಸರಿನಲ್ಲಿ ತೆವಳಿದ. ನನ್ನನ್ನು ಬಿಟ್ಟು ಹೋಗು ಎಂದು ಅಧಿಕಾರಿಯೇ ಹೇಳಿದರೂ ಬಿಡಲಿಲ್ಲ. ಕೊನೆಗೆ ಶಕ್ತಿ ಉಡುಗಿದಾಗ ಒಂದು ಸುರಕ್ಷಿತ ಜಾಗದಲ್ಲಿ ಮಲಗಿಸಿ, ತಮ್ಮವರನ್ನು ಕರೆದುಕೊಂಡು ಮತ್ತೆ ಬಂದ. ಅಧಿಕಾರಿ ಉಳಿಯಲಿಲ್ಲ. ಕೆನ್ನಿಗೆ ವಿಕ್ಟೋರಿಯಾ ಕ್ರಾಸ್ ಬಂತು. ಬ್ರಿಟನ್ನಿನಲ್ಲಿ ಅದಕ್ಕಿಂತ ದೊಡ್ಡ ಯುದ್ಧ ಪದಕ ಇಲ್ಲ. ಯುದ್ಧ ಮುಗಿದ ಮೇಲೆ ಅವನೇನಾದ? ಮತ್ತೆ ಗಣಿಗೆ ಇಳಿದ! 1948ರಲ್ಲಿ ತೀರಿಕೊಂಡ.

ಮೈಕೇಲ್ ಹೆವಿಸೈಡ್ ಕೂಡ ಗಣಿಯವನೇ. ಪಡೆಯಲ್ಲಿ ಗಾಯಾಳುಗಳನ್ನು ಹೊರುವ ಕೆಲಸ. 1917ರ ಮೇ 6ರಂದು ಎರಡೂ ಸೈನ್ಯಗಳ ನಡುವಿನ ಬಯಲಿನಲ್ಲಿ, ವೈರಿಯ ಮೋರ್ಚೆಗೆ ತೀರ ಹತ್ತಿರ, ಒಬ್ಬ ಗಾಯಾಳು ನೀರಿನ ಬಾಟಲಿ ಅಲ್ಲಾಡಿಸುತ್ತಿರುವುದು ಕಂಡಿತು. ಆ ಮನುಷ್ಯ ನಾಲ್ಕು ಹಗಲು ಮೂರು ರಾತ್ರಿ ಅನ್ನ ನೀರಿಲ್ಲದೆ ಅಲ್ಲೇ ಬಿದ್ದಿದ್ದ. ಹಗಲು ಹೊತ್ತಿನಲ್ಲಿ ತಲೆ ಎತ್ತಿದವನು ಸತ್ತ ಹಾಗೆಯೇ ಲೆಕ್ಕ. ಹೆವಿಸೈಡ್ ಹೊಟ್ಟೆಯ ಮೇಲೆ ತೆವಳುತ್ತ ಹೋಗಿ ನೀರು ಕುಡಿಸಿದ. ರಾತ್ರಿ ಇಬ್ಬರನ್ನು ಕರೆದುಕೊಂಡು ಹೋಗಿ ಅವನನ್ನು ಹೊತ್ತು ತಂದ. ಒಂದು ಗುಟುಕು ನೀರಿನ ಬೆಲೆ ಏನೆಂದು ಚವದಾರ ಕೆರೆಯ ಕಥೆ ಕೇಳಿ ಬೆಳೆದ ನಮಗೆ ಬೇರೆ ಯಾರೂ ಹೇಳಬೇಕಾಗಿಲ್ಲ.

ಮೂರನೆಯವನು ಆ್ಯಡಮ್ ವೇಕನ್‌ಶಾ. ತೀರ ಬಡವರ ಮಗ, 14ನೇ ವಯಸ್ಸಿಗೆ ಗಣಿ ಸೇರಿದವನು. 1942ರ ಜೂನ್ 27ರಂದು ಈಜಿಪ್ತಿನ ಮೆರ್ಸಾ ಮತ್ರೂಹ್ ಹತ್ತಿರ ಒಂದು ಸಣ್ಣ ತೋಪಿನ ಮುಂದೆ ಇದ್ದ. ಎಡಗೈ ಹಾರಿಹೋಯಿತು. ಒಂದೇ ಕೈಯಿಂದ ಮದ್ದು ತುಂಬಿ ಇನ್ನೂ ಐದು ಸಲ ಗುಂಡು ಹಾರಿಸಿ ಅಲ್ಲೇ ಸತ್ತ. ಆ ತೋಪನ್ನು ಮರುಭೂಮಿಯಿಂದ ತಂದು ಡರ್ಹಮ್ಮಿನ ಮ್ಯೂಸಿಯಮ್ಮಿನಲ್ಲಿ ಇಟ್ಟಿದ್ದರು. ಗುಂಡಿನ ಹೊಡೆತ ತಿಂದ ಆ ಕಬ್ಬಿಣದ ಮುಂದೆ ಶಾಲೆಯ ಹುಡುಗರನ್ನು ನಿಲ್ಲಿಸಿ, ನಿಮ್ಮ ಹಾಗೆಯೇ ಬಡ ಓಣಿಯಿಂದ ಬಂದವನು ಇವನು ಎಂದು ಹೇಳಬಹುದಾಗಿತ್ತು.

ಈಗ ಮ್ಯೂಸಿಯಮ್ಮಿನ ವಿಷಯಕ್ಕೆ ಬರೋಣ. 1968ರಲ್ಲಿ ಬ್ರಿಟಿಷ್ ಸರಕಾರ ಸೈನ್ಯ ಸಣ್ಣದು ಮಾಡುತ್ತ ಡಿ.ಎಲ್.ಐ.ಯನ್ನು ಬೇರೆ ಪಡೆಗಳ ಜೊತೆ ಸೇರಿಸಿ, ಆ ಹೆಸರನ್ನೇ ಅಳಿಸಿತು. ಪಡೆಯ ನಿಶಾನೆಗಳನ್ನು ಅದೇ ಡಿಸೆಂಬರಿನಲ್ಲಿ ಡರ್ಹಮ್ ಕೆಥೆಡ್ರಲ್‌ನಲ್ಲಿ ಒಪ್ಪಿಸಿದರು. ಪಡೆ ಮುಗಿದ ಆ ವರ್ಷವೇ ಊರ ಹತ್ತಿರ ಎಯ್ಕ್ಲಿ ಹೆಡ್ಸ್ ಎಂಬ ಹಸಿರು ದಿನ್ನೆಯ ಮೇಲೆ ಮ್ಯೂಸಿಯಂ ತೆರೆದರು. ಕೆಳಗೆ ಸೈನಿಕರ ಸಾಮಾನು, ಮೇಲೆ ಚಿತ್ರಕಲೆಯ ಗ್ಯಾಲರಿ. ಹೆಂಗಸರು ಮಕ್ಕಳು ಊಟ ಕಟ್ಟಿಕೊಂಡು ಬಂದು ಹೊರಗಿನ ಹುಲ್ಲಿನ ಮೇಲೆ ಕೂರುವಂಥ ಜಾಗ.

ಇದರ ವ್ಯವಸ್ಥೆಯನ್ನು ಸ್ವಲ್ಪ ಗಮನ ಕೊಟ್ಟು ನೋಡಿ, ಮುಂದಿನ ತೊಂದರೆಯೆಲ್ಲ ಇಲ್ಲಿಂದಲೇ ಹುಟ್ಟಿದ್ದು. ಒಳಗಿನ ಪದಕ, ಬಟ್ಟೆ, ಪತ್ರ, ಬಂದೂಕು ಹಳೆಯ ರೆಜಿಮೆಂಟಿನ ಟ್ರಸ್ಟಿಗಳದು. ಕಟ್ಟಡ, ಕರೆಂಟು, ನೌಕರರ ಪಗಾರ ಡರ್ಹಮ್ ಕೌಂಟಿ ಕೌನ್ಸಿಲಿನದು. ಕೌಂಟಿ ಕೌನ್ಸಿಲ್ ಎಂದರೆ ಹೆಚ್ಚು ಕಡಿಮೆ ನಮ್ಮ ಜಿಲ್ಲಾ ಪರಿಷತ್ತು ಅಂದುಕೊಳ್ಳಿ. ವಸ್ತು ಒಬ್ಬರದು, ಮನೆ ಇನ್ನೊಬ್ಬರದು. ನಡುವೆ ಪ್ರೀತಿ ಇರುವತನಕ ಎಲ್ಲಾ ಚಲೋ. ಖರ್ಚಿನ ಮಾತು ಬಂದ ದಿನ ಬಾಡಿಗೆದಾರ ಮತ್ತು ಮಾಲಕರ ಸಂಬಂಧ ಆಗಿಬಿಡುತ್ತದೆ. ಪಡೆ ಜೀವಂತ ಇದ್ದಿದ್ದರೆ ಸೈನ್ಯದ ಖಜಾನೆಯ ಬಾಗಿಲನ್ನಾದರೂ ಬಡಿಯಬಹುದಿತ್ತು. ಸತ್ತ ಪಲ್ಟಣದ ಪರವಾಗಿ ಯಾವ ಜನರಲ್ ಬಂದು ಜಗಳ ಆಡ್ತಾನ್ರಿ?

2010ರಿಂದ ಲಂಡನ್ನಿನ ಸರಕಾರ ಸ್ಥಳೀಯ ಸಂಸ್ಥೆಗಳಿಗೆ ಕೊಡುವ ಅನುದಾನವನ್ನು ವರ್ಷ ವರ್ಷ ಕತ್ತರಿಸುತ್ತ ಬಂತು. ಡರ್ಹಮ್ಮಿನಂಥ ಬಡ ಜಿಲ್ಲೆಗಳಿಗೆ ಪೆಟ್ಟು ಜಾಸ್ತಿ ಬಿತ್ತು. ಯಾಕಂದ್ರ ಅಲ್ಲಿ ಗಣಿಗಳು ಆಗಲೇ ಮುಚ್ಚಿದ್ದವು. 1984-85ರ ದೊಡ್ಡ ಮುಷ್ಕರ ಸೋತ ಮೇಲೆ ಒಂದೊಂದೇ ಗಣಿ ನಿಂತು, ಆ ಕಲ್ಲಿದ್ದಲ ಸೀಮೆಯ ಕೊನೆಯ ಗಣಿ ಮಂಕ್‌ವೇರ್‌ಮೌತ್ 1993ರ ಕೊನೆಗೆ ಮುಚ್ಚಿತ್ತು. ಅದಿದ್ದ ಜಾಗದಲ್ಲಿ ಈಗ ಫುಟ್‌ಬಾಲ್ ಸ್ಟೇಡಿಯಂ ಇದೆ. ಹಿಂಗ ಕೆಲಸವೂ ಹೋಯಿತು, ಗಣಿಯ ಗುರುತೂ ಹೋಯಿತು. ಅಜ್ಜಂದಿರ ಹೆಸರು ಬರೆದಿಟ್ಟ ಜಾಗ ಎಂದು ಉಳಿದಿದ್ದ ಕೆಲವೇ ಕೆಲವು ಕಟ್ಟಡಗಳಲ್ಲಿ ಈ ಮ್ಯೂಸಿಯಂ ಒಂದು.

2015ರಲ್ಲಿ ಕೌನ್ಸಿಲ್ ಮುಚ್ಚುವ ತೀರ್ಮಾನ ತೆಗೆದುಕೊಂಡಿತು. ಕಾರಣ: ಬರುವ ಮಂದಿ ಕಡಿಮೆಯಾಗಿದ್ದಾರೆ, ಮುಚ್ಚಿದರೆ ವರ್ಷಕ್ಕೆ 2 ಲಕ್ಷ ಪೌಂಡಿಗಿಂತ ಹೆಚ್ಚು ಉಳಿಯುತ್ತದೆ, ಸಾಮಾನನ್ನು ಬೇರೆ ಕಡೆ ಜೋಪಾನವಾಗಿ ಇಟ್ಟು ಆಗಾಗ ಪ್ರದರ್ಶನ ಮಾಡುತ್ತೇವೆ. ಇಲ್ಲಿ ಒಂದು ಕಹಿ ಸತ್ಯ ಹೇಳಲೇಬೇಕು. ಮುಚ್ಚಿದ್ದು ಶ್ರೀಮಂತರ ಪಕ್ಷವಲ್ಲ. ಬ್ರಿಟನ್ನಿನಲ್ಲಿ ಲೇಬರ್ ಪಕ್ಷದ ಕೈಗೆ ಬಂದ ಮೊಟ್ಟಮೊದಲ ಕೌಂಟಿ ಕೌನ್ಸಿಲ್ ಡರ್ಹಮ್ಮೇ. ಅದು 1919ರಲ್ಲಿ. ಆಗ ಅದರ ಅಧ್ಯಕ್ಷನಾದ ಪೀಟರ್ ಲೀ ಸ್ವತಃ ಗಣಿಯಲ್ಲಿ ದುಡಿದವನು. ಅದೇ ಪಕ್ಷದ ಕೌನ್ಸಿಲ್ಲೇ ಸುಮಾರು ನೂರು ವರ್ಷದ ಮೇಲೆ ಗಣಿಯ ಸಿಪಾಯಿಗಳ ಮ್ಯೂಸಿಯಮ್ಮಿಗೆ ಬೀಗ ಹಾಕಿತು. ಅವರನ್ನು ಪೂರ್ತಿ ಬೈಯಲು ನನಗೆ ಮನಸ್ಸು ಬರುವುದಿಲ್ಲ. ಮುದುಕರ ಆರೈಕೆ, ಅನಾಥ ಮಕ್ಕಳ ಪಾಲನೆ, ರಸ್ತೆ, ಗ್ರಂಥಾಲಯ ಎಲ್ಲವೂ ಅದೇ ಹರಿದ ಚೀಲದಿಂದ ನಡೆಯಬೇಕು. ಹಾಸಿಗೆ ಹಿಡಿದ ಮುದುಕಿಗೆ ಆಳು ಇಡಲೋ, ಗಾಜಿನ ಪೆಟ್ಟಿಗೆಗೆ ದೀಪ ಹಾಕಲೋ ಅಂದರೆ ನೀವಾದರೂ ಏನು ಉತ್ತರ ಕೊಡುತ್ತೀರಿ? ಆದರೆ ಈ ಪ್ರಶ್ನೆಯನ್ನು ಬಡ ಜಿಲ್ಲೆಯ ಮುಂದೆಯೇ ಯಾಕೆ ಇಡುತ್ತಾರೆ, ಲಂಡನ್ನಿನ ದೊಡ್ಡ ಮ್ಯೂಸಿಯಂಗಳ ಮುಂದೆ ಹೀಗೆ ಯಾಕೆ ಇಡುವುದಿಲ್ಲ, ಅದೇ ನನಗೆ ಅರ್ಥವಾಗದ ಸಂಗತಿ. ಅರ್ಥ ಆಗೇದ, ಹೇಳೂದು ಬ್ಯಾಡ ಅಂತ ಬಿಟ್ಟೀನಿ.

ಜನ ಸುಮ್ಮನಿರಲಿಲ್ಲ. ಸಹಿ ಸಂಗ್ರಹ ಆಯಿತು, ಸಭೆ ಆದವು, ಹಳೆಯ ಸೈನಿಕರು ಟೋಪಿ ಹಾಕಿಕೊಂಡು ಬಂದು ನಿಂತರು. ಎಲ್ಲಕ್ಕಿಂತ ಹೆಚ್ಚು ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಬೂದಿಯದು. ತಮ್ಮ ಅಪ್ಪ ಅಜ್ಜಂದಿರ ಚಿತಾಭಸ್ಮವನ್ನು ಎಷ್ಟೋ ಮನೆಯವರು ಆ ಮ್ಯೂಸಿಯಮ್ಮಿನ ಹೊರಗಿನ ಹುಲ್ಲಿನ ಮೇಲೆ ಚೆಲ್ಲಿದ್ದರು. ಅವರಿಗೆ ಅದು ಬರೀ ಸರಕಾರಿ ಕಟ್ಟಡವಾಗಿರಲಿಲ್ಲ. ಎಯ್ಕ್ಲಿ ಹೆಡ್ಸ್ ಪ್ರದೇಶದಲ್ಲಿ ಆಫೀಸುಗಳನ್ನು ಕಟ್ಟಿ ಉದ್ಯೋಗ ತರುವ ಯೋಜನೆ ಕೌನ್ಸಿಲಿನದು ಇತ್ತು. ನಾಳೆ ನಮ್ಮಪ್ಪನ ಬೂದಿಯ ಮೇಲೆ ಕಾರು ನಿಲ್ಲಿಸುವ ಜಾಗ ಮಾಡಿದರೆ ಎಂದು ಮಂದಿ ಹೆದರಿದ್ದರಲ್ಲಿ ತಪ್ಪೇನಿದೆ? ನಮ್ಮಲ್ಲೂ ಊರ ಹೊರಗಿನ ಹೂಳುವ ಜಾಗಕ್ಕೆ ಲೇಔಟಿನ ಕಲ್ಲು ಬಿದ್ದಾಗ ಹೊಟ್ಟೆಯಲ್ಲಿ ಏನಾಗುತ್ತದೋ ಅದೇ ಅವರಿಗೂ ಆಗಿರಬೇಕು.

2016ರ ಏಪ್ರಿಲಿನಲ್ಲಿ ಬಾಗಿಲು ಮುಚ್ಚಿತು. ಕಾಲ ನೋಡಿ ಎಂಥದು. ಇನ್ನು ಮೂರು ತಿಂಗಳಿಗೆ, ಜುಲೈ 1ಕ್ಕೆ, ಸೊಮ್ಮ್ ಯುದ್ಧಕ್ಕೆ ನೂರು ವರ್ಷ ತುಂಬುವುದಿತ್ತು. 1916ರ ಆ ಬೆಳಿಗ್ಗೆ ಡರ್ಹಮ್ಮಿನ ಗೆಳೆಯರೆಲ್ಲ ಒಟ್ಟಿಗೆ ಭರ್ತಿಯಾದ 18ನೇ ಪಲ್ಟಣ ಸೆರ್ ಎಂಬ ಹಳ್ಳಿಯ ಮುಂದೆ ಇತ್ತು. ದೇಶವೆಲ್ಲ ಕೆಂಪು ಹೂವು ಚುಚ್ಚಿಕೊಂಡು ಶತಮಾನೋತ್ಸವ ಮಾಡುತ್ತಿದ್ದಾಗ ಅವರ ಮ್ಯೂಸಿಯಂ ಖಾಲಿ. ಸಾಮಾನು ಸ್ಪೆನಿಮೂರ್ ಎಂಬ ಊರಿನ ಉಗ್ರಾಣಕ್ಕೆ ಹೋಯಿತು. ಕೆಲವನ್ನು ಡರ್ಹಮ್ ವಿಶ್ವವಿದ್ಯಾಲಯದ ಪ್ಯಾಲೆಸ್ ಗ್ರೀನ್ ಗ್ರಂಥಾಲಯದಲ್ಲಿ ಪ್ರದರ್ಶನಕ್ಕೆ ಇಟ್ಟರು. ಅದು ಕೆಥೆಡ್ರಲ್ ಪಕ್ಕದ ಏರಿನ ಮೇಲೆ ಇದೆ. ಚಂದದ ಜಾಗ. ಕೋಲೂರಿಕೊಂಡ ಮುದುಕ ಸಿಪಾಯಿ ಆ ಏರು ಹತ್ತುವುದು ಬೇರೆ ಮಾತು.

ಡರ್ಹಮ್ ಒಂದೇ ಅಲ್ಲ. ಅದೇ 2016ರ ಬೇಸಿಗೆಯಲ್ಲಿ ಲಂಡನ್ನಿನ ವುಲಿಚ್‌ನಲ್ಲಿದ್ದ ತೋಪುಖಾನೆಯ ಮ್ಯೂಸಿಯಂ ಮುಚ್ಚಿತು. 1778ರಿಂದ ಬೆಳೆದುಬಂದ ಸಂಗ್ರಹ ಅದು. 2025ರಲ್ಲಿ ಅಮೆರಿಕದ ಸೈನ್ಯವೂ ತನ್ನ 41 ಮ್ಯೂಸಿಯಂಗಳಲ್ಲಿ ಹೆಚ್ಚಿನವನ್ನು ಮುಚ್ಚಿ ಹನ್ನೆರಡು ಜಾಗಗಳಿಗೆ ಇಳಿಸುವುದಾಗಿ ಹೇಳಿದೆ. ಹೊಸ ಬಾಂಬಿಗೆ ದುಡ್ಡು ಇರುತ್ತದೆ, ಹಳೆಯ ಬೂಟಿಗೆ ಇರುವುದಿಲ್ಲ.

ಮುಂದೆ ಏನಾಯಿತು ಅಂದರೆ, 2021ರ ಚುನಾವಣೆಯಲ್ಲಿ ಡರ್ಹಮ್ಮಿನಲ್ಲಿ ಲೇಬರ್ ಬಹುಮತ ಕಳೆದುಕೊಂಡಿತು. ಮ್ಯೂಸಿಯಂ ಒಂದೇ ಕಾರಣ ಎಂದು ನಾನು ಹೇಳುವುದಿಲ್ಲ. ಹೊಸದಾಗಿ ಬಂದ ಕೂಡು ಆಡಳಿತ ಹಳೆಯ ಕಟ್ಟಡವನ್ನು ಮತ್ತೆ ತೆರೆಯುವ ಮಾತು ಎತ್ತಿತು. ಎಷ್ಟು ಖರ್ಚು, ಯಾರ ದುಡ್ಡು ಎಂಬ ವಾದ ಮತ್ತೆ ಶುರುವಾಯಿತು. 2024ರಲ್ಲಿ ಊರ ಇನ್ನೊಂದು ತುದಿಯ ಮೌಂಟ್ ಆಸ್ವಾಲ್ಡ್‌ನಲ್ಲಿ ಜಿಲ್ಲೆಯ ಹಳೆಯ ಕಾಗದಪತ್ರ, ಜನನ ಮರಣದ ದಾಖಲೆ, ಡಿ.ಎಲ್.ಐ. ಸಂಗ್ರಹ ಎಲ್ಲವನ್ನೂ ಒಂದೇ ಸೂರಿನ ಕೆಳಗೆ ತಂದು 'ದಿ ಸ್ಟೋರಿ' ಎಂಬ ಕೇಂದ್ರ ತೆರೆದರು. ಎಂಟು ವರ್ಷದ ಮೇಲೆ ಪದಕಗಳಿಗೆ ಕಾಯಂ ಮನೆ ಸಿಕ್ಕಿತು. ಈ ಎಂಟು ವರ್ಷದಲ್ಲಿ ಎರಡನೇ ಮಹಾಯುದ್ಧದ ಎಷ್ಟು ಮುದುಕರು ಬಾಗಿಲು ತೆರೆಯುವುದನ್ನು ನೋಡದೆ ಕಣ್ಣು ಮುಚ್ಚಿದರೋ.

ಇನ್ನು ಚಹಾದಂಗಡಿಯ ಗೆಳೆಯನ ಪ್ರಶ್ನೆ. ನಮಗೇನು?

ಈ ಡರ್ಹಮ್ ಪಡೆಯ ಎರಡನೇ ಪಲ್ಟಣ ಹುಟ್ಟಿದ್ದು ಡರ್ಹಮ್ಮಿನಲ್ಲೇ ಅಲ್ಲ. ಈಸ್ಟ್ ಇಂಡಿಯಾ ಕಂಪನಿ 1839ರಲ್ಲಿ ಬೊಂಬಾಯಿ ಸೈನ್ಯಕ್ಕೆಂದು ಕಟ್ಟಿದ ಬಿಳಿಯರ ಪಲ್ಟಣ ಅದು. 1856-57ರ ಪರ್ಶಿಯಾ ಯುದ್ಧದಲ್ಲಿ ಬುಶೈರ್ ಬಂದರಿನ ಹತ್ತಿರ ಇಳಿದಾಗ ಅದರ ಜೊತೆಗೆ ಬೊಂಬಾಯಿ ಸೈನ್ಯದ ದೇಶೀ ಪಲ್ಟಣಗಳೂ ಇದ್ದವು. 1862ರಲ್ಲಿ ರಾಣಿಯ ಸೈನ್ಯಕ್ಕೆ ಸೇರಿ, 1881ರಲ್ಲಿ ಡರ್ಹಮ್ ಹೆಸರು ಪಡೆಯಿತು. ಬೊಂಬಾಯಿ ಸೈನ್ಯ ಅಂದ ಕೂಡಲೇ ನಿಮ್ಮ ಕಿವಿ ನೆಟ್ಟಗಾಗಿರಬೇಕು. ಕೋರೆಗಾಂವಿನಲ್ಲಿ 1818ರ ಜನವರಿ 1ರಂದು ನಿಂತದ್ದು ಅದೇ ಬೊಂಬಾಯಿ ಸೈನ್ಯದ 1ನೇ ದೇಶೀ ಕಾಲಾಳು ರೆಜಿಮೆಂಟಿನ 2ನೇ ಪಲ್ಟಣ. ಸುಮಾರು 500 ಮಂದಿ. ಕಂಬದ ಮೇಲೆ ಕೊರೆದ ಸತ್ತವರ ಹೆಸರುಗಳಲ್ಲಿ 22 ಹೆಸರಿನ ಕೊನೆಗೆ 'ನಾಕ' ಇದೆ. ಆ 22 ನಮ್ಮವು. ಉಳಿದವರಲ್ಲಿ ಮರಾಠರಿದ್ದಾರೆ, ರಜಪೂತರಿದ್ದಾರೆ, ಮುಸಲ್ಮಾನರೂ ಇದ್ದಾರೆ. ಅವರನ್ನೂ ಓದಬೇಕು.

ಡರ್ಹಮ್ಮಿನ ಕಥೆಯಲ್ಲಿ ಇನ್ನೊಂದು ಮಗು ಬರುತ್ತದೆ. 1886ರ ಮೊದಲಿಗೆ ಸುಡಾನಿನ ಯುದ್ಧದಲ್ಲಿ ನೈಲ್ ನದಿಯ ದಂಡೆಯ ಮೇಲೆ ಈ ಎರಡನೇ ಪಲ್ಟಣದ ಸಿಪಾಯಿಗಳಿಗೆ ಒಂದು ಕರಿಯ ಕೂಸು ಸಿಕ್ಕಿತು. ಸುಮಾರು ಎರಡು ವರ್ಷದ್ದು. ಕಾಪಾಡಿದ್ದು ಎಂದು ಅವರ ದಾಖಲೆ ಹೇಳುತ್ತದೆ. ಆ ಊರಿನ ಮೇಲೆ ದಂಡೆತ್ತಿ ಹೋದವರೂ ಅವರೇ ಎಂಬುದನ್ನು ನಾವು ಪಕ್ಕದಲ್ಲಿ ಬರೆದುಕೊಳ್ಳಬೇಕು. ಜೇಮ್ಸ್ ಫ್ರಾನ್ಸಿಸ್ ಡರ್ಹಮ್ ಎಂದು ಹೆಸರಿಟ್ಟರು. ಜಿಮ್ಮಿ ಅಂತ ಕರೆದರು. ಸಾರ್ಜೆಂಟರು ಸೇರಿ ಖರ್ಚು ಹಾಕಿ ಸಾಕಿದರು. ಪಲ್ಟಣ 1887ರಲ್ಲಿ ಹಿಂದುಸ್ಥಾನಕ್ಕೆ ಬಂದಾಗ ಜಿಮ್ಮಿಯೂ ಬಂದ, ಇಲ್ಲಿಯ ದಂಡು ಪ್ರದೇಶಗಳಲ್ಲೇ ಬೆಳೆದ. 1899ರಲ್ಲಿ ಅದೇ ಪಲ್ಟಣಕ್ಕೆ ಭರ್ತಿಯಾಗಿ ಬ್ಯಾಂಡಿನಲ್ಲಿ ಸೇರಿದ. ಡರ್ಹಮ್ ಸೀಮೆಯ ಹುಡುಗಿಯನ್ನು ಮದುವೆಯಾಗಿ, 1910ರಲ್ಲಿ ಐರ್ಲೆಂಡಿನಲ್ಲಿ ನ್ಯುಮೋನಿಯಾದಿಂದ ತೀರಿಕೊಂಡ. ಅವನ ಕಥೆ ಈಗ ನಮಗೆ ಗೊತ್ತಾಗುವುದು ಆ ಮ್ಯೂಸಿಯಮ್ಮಿನಂಥ ಜಾಗದಲ್ಲಿ ಅವನ ಫೋಟೋ, ಕಾಗದ ಉಳಿದಿದ್ದರಿಂದ. ಮಿಕ್ಕ ಸಾವಿರಾರು ಜಿಮ್ಮಿಗಳಿಗೆ ಕಪಾಟು ಸಿಗಲಿಲ್ಲ.

ಜಿಮ್ಮಿ ಭರ್ತಿಯಾದ ಆ ದಶಕದಲ್ಲೇ, ಇಲ್ಲೇ, ನಮ್ಮವರಿಗೆ ಸೈನ್ಯದ ಬಾಗಿಲು ಮುಚ್ಚಿತ್ತು. 1890ರ ಹೊತ್ತಿಗೆ ಇಂಗ್ಲಿಷರ ತಲೆಯಲ್ಲಿ 'ವೀರ ಜಾತಿ'ಗಳ ಸಿದ್ಧಾಂತ ಹೊಕ್ಕಿತು. ಕೋರೆಗಾಂವಿನಲ್ಲಿ ಸಿಪಾಯಿ ಆಗಿದ್ದವರ ಮೊಮ್ಮಕ್ಕಳು ಹುಟ್ಟಿನಿಂದಲೇ ಹೇಡಿಗಳಾಗಿಬಿಟ್ಟರು! ನಿವೃತ್ತ ಸೈನಿಕ ಗೋಪಾಳಬಾಬಾ ವಲಂಗಕರ್ 1894ರಲ್ಲಿ ಅರ್ಜಿ ಬರೆದರು. 1910ರಲ್ಲಿ ಶಿವರಾಮ ಜಾನಬಾ ಕಾಂಬಳೆಯವರ ಮುಂದಾಳತನದಲ್ಲಿ ಇನ್ನೊಂದು ಅರ್ಜಿ ಲಂಡನ್ನಿನ ತನಕ ಹೋಯಿತು. ಮಹಾಯುದ್ಧಕ್ಕೆ ಆಳು ಸಾಲದಾದಾಗ 1917ರಲ್ಲಿ 111ನೇ ಮಹಾರ್ ಪಲ್ಟಣ ಕಟ್ಟಿದರು. ಯುದ್ಧ ಮುಗಿಯಿತು, 1921ಕ್ಕೆ ಅದೂ ಮುಗಿಯಿತು. ಬಾಬಾಸಾಹೇಬರು ಹುಟ್ಟಿದ್ದು ಮ್ಹೌ ದಂಡಿನಲ್ಲಿ, ಸುಭೇದಾರನ ಮಗನಾಗಿ. ಸೈನ್ಯದಿಂದ ನಮ್ಮ ಮಂದಿಗೆ ಸಿಕ್ಕ ಅಕ್ಷರ, ಪಿಂಚಣಿ, ಮೈಮೇಲಿನ ಅಂಗಿ ಇವುಗಳ ಬೆಲೆ ಅವರಿಗೆ ಗೊತ್ತಿತ್ತು. 1927ರ ಜನವರಿ 1ಕ್ಕೆ ಕಂಬದ ಮುಂದೆ ಬಂದು ನಿಂತರು. 1941ರ ಜುಲೈಯಲ್ಲಿ ವೈಸ್‌ರಾಯರ ರಕ್ಷಣಾ ಸಲಹಾ ಸಮಿತಿಯಲ್ಲಿ ಕುಳಿತರು. ಆ ಅಕ್ಟೋಬರಿನಲ್ಲೇ ಮಹಾರ್ ರೆಜಿಮೆಂಟಿನ ಮೊದಲ ಪಲ್ಟಣ ಕಟ್ಟಿದ್ದು ಎಲ್ಲಿ ಗೊತ್ತೇ? ನಮ್ಮ ಬೆಳಗಾವಿಯಲ್ಲಿ. ಮುಂದೆ ಅವರ ಟೋಪಿಯ ಬಿಲ್ಲೆಯ ಮೇಲೂ ಕೋರೆಗಾಂವಿನ ಕಂಬ ಬಂತು. 1943ರಲ್ಲಿ ಉತ್ತರದ ನಮ್ಮ ಬಂಧುಗಳದ್ದೇ ಆದ ಚಮಾರ್ ರೆಜಿಮೆಂಟ್ ಎದ್ದಿತು, ಬರ್ಮಾ ಕಡೆಯ ಯುದ್ಧಕ್ಕೂ ಹೋಯಿತು. 1946ಕ್ಕೆ ಅದನ್ನು ವಿಸರ್ಜಿಸಿದರು. ಮೂರು ವರ್ಷದ ಪಡೆ. ಅದೇ ಪೂರ್ವದ ಗಡಿಯಲ್ಲಿ, ಕೊಹಿಮಾದಲ್ಲಿ, 1944ರಲ್ಲಿ ಡರ್ಹಮ್ಮಿನ ಎರಡನೇ ಪಲ್ಟಣವೂ ಕಾದಿತು. ಡರ್ಹಮ್ಮಿನವರಿಗೆ ಮುಚ್ಚಲಿಕ್ಕಾದರೂ ಒಂದು ಮ್ಯೂಸಿಯಂ ಇತ್ತು.

ಕಂಬದ ಖರ್ಚಿನ ಮಾತಿಗೆ ಮರಳುತ್ತೇನೆ. 1821ರಲ್ಲಿ ಅಡಿಗಲ್ಲು ಹಾಕಿದ ಮೇಲೆ ಕಂಪನಿಯವರು ಅದನ್ನು ಬಯಲಿಗೆ ಬಿಟ್ಟು ಹೋಗಲಿಲ್ಲ. ಯುದ್ಧದಲ್ಲಿ ಗಾಯಗೊಂಡ ಒಬ್ಬ ಜಮಾದಾರನನ್ನು 1824ರಲ್ಲಿ ಮೇಲ್ವಿಚಾರಣೆಗೆ ನೇಮಿಸಿ, ಅದಕ್ಕೆಂದು ಹೊಲ ಇನಾಂ ಕೊಟ್ಟರು. ಅಂದರೆ ನೆನಪನ್ನು ಕಾಯುವುದಕ್ಕೆ ವತನ. ವತನ ಅಂದರೆ ಏನೆಂದು ನಮ್ಮ ಅಜ್ಜಂದಿರನ್ನು ಕೇಳಿ. ಊರ ಗಡಿ ಕಾದು, ಸತ್ತ ಸುದ್ದಿ ಒಯ್ದು, ಸರಕಾರಿ ಟಪಾಲು ಹೊತ್ತು ಓಡಿದ್ದಕ್ಕೆ ಒಂದು ತುಂಡು ಹೊಲ. ಅದು ಬೇಡಿಯೂ ಹೌದು ಎಂದು ಬಾಬಾಸಾಹೇಬರು ಅದರ ವಿರುದ್ಧ ಬಡಿದಾಡಿದರು. 1958ರ ಕಾಯಿದೆಯಲ್ಲಿ ಆ ಕೀಳು ವತನಗಳು ಹೋದವು. ಹೋಗಬೇಕಾದದ್ದೇ. ಆದರೆ ಹೊಲದ ಮೇಲೆ ನಿಂತ ನೆನಪು ಅನುದಾನದ ಮೇಲೆ ನಿಂತ ನೆನಪಿಗಿಂತ ಗಟ್ಟಿಯೇನೋ ಅಂತ ಒಮ್ಮೊಮ್ಮೆ ಅನ್ನಿಸುತ್ತದೆ. ಅನುದಾನಕ್ಕೆ ಒಂದು ಸಹಿ ಸಾಕು.

ಡರ್ಹಮ್ಮಿನ ಗಣಿಯವರು ಈ ವಿಷಯದಲ್ಲಿ ಇನ್ನೊಂದು ಕೆಲಸ ಮಾಡಿಟ್ಟಿದ್ದಾರೆ. 1915ರಲ್ಲೇ ತಮ್ಮ ಸಂಘದ ಹಣದಿಂದ ರೆಡ್‌ಹಿಲ್ಸ್ ಎಂಬ ದೊಡ್ಡ ಸಭಾಭವನ ಕಟ್ಟಿಸಿದರು. ಒಂದೊಂದು ಗಣಿಯ ಪ್ರತಿನಿಧಿಗೂ ಒಂದೊಂದು ಕುರ್ಚಿ. ಗಣಿ ಹೋದರೂ ಭವನ ಸಂಘದ್ದಾಗಿಯೇ ಉಳಿಯಿತು. ಮೊನ್ನೆ ಮೊನ್ನೆ ಲಾಟರಿಯ ಪರಂಪರೆ ನಿಧಿಯಿಂದ ನೆರವು ಪಡೆದು ದುರಸ್ತಿ ಮಾಡಿಸಿದರು. ಪ್ರತಿ ಜುಲೈಯಲ್ಲಿ ಜಾತ್ರೆ ಮಾಡುತ್ತಾರೆ. ಇಲ್ಲದ ಗಣಿಗಳ ಬ್ಯಾನರುಗಳನ್ನು, ಬಾಜಾ ಬಜಂತ್ರಿಯೊಂದಿಗೆ, ಆ ಗಣಿಯನ್ನು ಕಣ್ಣಲ್ಲಿ ನೋಡದ ಮೊಮ್ಮಕ್ಕಳು ಹೊತ್ತು ನಡೆಯುತ್ತಾರೆ. ನಮ್ಮ ಏಪ್ರಿಲ್ 14ರ ಮೆರವಣಿಗೆ ನೋಡಿದವರಿಗೆ ಆ ದೃಶ್ಯ ಹೊಸದಲ್ಲ.

ಕೊನೆಗೆ ನಮ್ಮ ಮನೆಯ ಸುದ್ದಿ ಹೇಳಿಬಿಡುತ್ತೇನೆ, ನಾಚಿಕೆಯಿಂದಲೇ. ನಮ್ಮಜ್ಜನ ಅಣ್ಣ ಎರಡನೇ ಮಹಾಯುದ್ಧದ ಕಾಲಕ್ಕೆ ಬೆಳಗಾವಿಗೆ ಹೋಗಿ ಭರ್ತಿಯಾಗಿದ್ದರು. ಒಂದು ಪತ್ರಾದ ಟ್ರಂಕಿನಲ್ಲಿ ಅವರ ಡಿಸ್ಚಾರ್ಜ್ ಪುಸ್ತಕ, ಒಂದು ಉಲ್ಲನ್ ಮಫ್ಲರು, ರಾಜನ ಮುಖ ಇದ್ದ ಎರಡು ಬಿಲ್ಲೆ ಇದ್ದವು. ಸಣ್ಣವನಿದ್ದಾಗ ಆ ಬಿಲ್ಲೆಗಳನ್ನು ಬಗರಿಯ ಆಟದಲ್ಲಿ ಪಣಕ್ಕೆ ಇಟ್ಟು ಬೈಸಿಕೊಂಡಿದ್ದೇನೆ. ಮನೆ ಕೆಡವಿ ಹೊಸದು ಕಟ್ಟುವಾಗ ಟ್ರಂಕನ್ನು ಹಳೆಯ ಹಿತ್ತಾಳಿ ಕೊಡಗಳ ಜೊತೆ ಮೋಡಕಾದವನಿಗೆ ಹಾಕಿಬಿಟ್ಟರು. ತೂಕಕ್ಕೆ. ಯಾರೂ ತಡೆಯಲಿಲ್ಲ. ನಾನೂ ಅಲ್ಲೇ ನಿಂತಿದ್ದೆ, ಸಿಮೆಂಟಿನ ಲೆಕ್ಕ ಬರೆಯುತ್ತ. ಅವರ ಪಲ್ಟಣದ ನಂಬರು ಈಗ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಯಾವ ಕೌನ್ಸಿಲಿನ ಮೇಲೆ ಮೊಕದ್ದಮೆ ಹಾಕಲಿ?

ಆದ್ದರಿಂದ ಈ ವಾರ್ಷಿಕೋತ್ಸವದ ಸಭೆಯಲ್ಲಿ ಒಂದು ಸಣ್ಣ ಕೆಲಸ ಗೊತ್ತು ಮಾಡಿದ್ದೇವೆ. ಸಂಘದ ವಾಚನಾಲಯದ ಗೋದ್ರೇಜ್ ಕಪಾಟಿನಲ್ಲಿ ಮೇಲಿನ ಒಂದು ಖಾನೆ ಖಾಲಿ ಮಾಡಿದ್ದೇವೆ. ನಿಮ್ಮ ಮನೆಯಲ್ಲಿ ಪಲ್ಟಣದ ಕಾಗದ, ಪಿಂಚಣಿ ಪುಸ್ತಕ, ಬಿಲ್ಲೆ, ಫೋಟೋ, ಬೆಲ್ಟಿನ ಕೊಂಡಿ, ಏನಿದ್ದರೂ ರವಿವಾರ ಸಂಜೆ ತರ್ರಿ. ಗಿರಣಿಯ ಹಾಜರಿ ಬಿಲ್ಲೆ, ವತನದ ಸನದು ಇದ್ದರೂ ನಡೀತದ. ಸಾಮಾನು ನಿಮ್ಮದು ನಿಮಗೇ ವಾಪಸ್ಸು ಕೊಡ್ತೀವಿ. ಫೋಟೋ ತೆಗೆದು, ಮಾಲಕರ ಹೆಸರು, ತಂದ ತಾರೀಖು, ಅಜ್ಜ ಹೇಳಿದ ಮಾತು, ಇಷ್ಟನ್ನು ದಪ್ಪ ರಜಿಸ್ಟರಿನಲ್ಲಿ ಬರೆದಿಡುವುದು ನಮ್ಮ ಜವಾಬ್ದಾರಿ. ಓದಲು ಬಾರದ ಇಂಗ್ಲಿಷ್ ಮೋಡಿ ಕಾಗದ ಇದ್ದರೆ ಹರಿಯಬ್ಯಾಡ್ರಿ, ಓದುವವರನ್ನು ಹುಡುಕಿ ತರುತ್ತೇವೆ. ರಜಿಸ್ಟರಿನ ಖರ್ಚು 180 ರೂಪಾಯಿ, ಅದನ್ನು ಯಾರ ಅನುದಾನಕ್ಕೂ ಕಾಯದೆ ನಮ್ಮ ಹುಡುಗರೇ ಕೂಡಿಸಿ ಕೊಟ್ಟಿದ್ದಾರೆ. ಮೊದಲ ಪುಟದಲ್ಲಿ ನಮ್ಮಜ್ಜನ ಅಣ್ಣನ ಹೆಸರು ಬರೆದು, ಪಲ್ಟಣದ ನಂಬರಿನ ಜಾಗ ಖಾಲಿ ಬಿಟ್ಟಿದ್ದೇನೆ. ಅವರ ಜೊತೆ ಬೆಳಗಾವಿಗೆ ಹೋದವರ ಮನೆಯವರು ಯಾರಾದರೂ ಇದನ್ನು ಓದಿದರೆ ಬಂದು ತುಂಬಿಸಿ.